ಮೂವತ್ತೊಂದೂ ಬಲಗೈ

ಜನವರಿ ೯, ಮಂಗಳವಾರ. ಬೆಳಿಗ್ಗೆ ೭

ಇಪ್ಪತ್ತೆಂಟನೆಯ ಕೈ ಇವತ್ತು. ನೀರು ಅಳೆದು ಇಟ್ಟಾಯಿತು. ಪುಡಿ, ಹಲ್ಲಿನ ಡಾಕ್ಟರುಗಳು ಅಚ್ಚು ತೆಗೆಯುವುದಕ್ಕೆ ಬಳಸುವಂಥದ್ದು. ನೀರು ಹೆಚ್ಚಾದರೆ ಗಂಜಿ, ಕಡಿಮೆಯಾದರೆ ಗಂಟು. ಇದರ ಹದ ಬಲ್ಲವನು ಬೆಂಗಳೂರಿನಲ್ಲಿ ನಾನೊಬ್ಬನೇ. ರಾಜೇಶ್ವರಿ ಆರು ವರ್ಷ ಕಾಲೇಜಿನಲ್ಲಿ ಚಿತ್ರಕಲೆ ಓದಿದವಳು. ನಾನು ಯಾದಗಿರಿ ಕಡೆಯ ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ. ಆದರೂ ಕಲಸುವುದು ನಾನೇ. ಅಕ್ಕನ ಮಗಳು ಅಂತ ಸುಮ್ಮನಿದ್ದೇನೆ, ಇಲ್ಲದಿದ್ದರೆ ಪ್ರತಿ ಕೆಲಸದ ಕೆಳಗೂ ಪೀರಪ್ಪ ಅಂತ ಸಹಿ ಇರುತ್ತಿತ್ತು.

ಮಧ್ಯಾಹ್ನ

ಬಂದವನು ತಿಪ್ಪಣ್ಣ, ನಮ್ಮ ಶಾಪಿನಲ್ಲಿ ಪ್ರೆಸ್ ಮಷಿನ್ನಿನಿಂದ ತಗಡಿನ ಬ್ರಾಕೆಟ್ ಹೊಡೆಯುವವನು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿವೆ — ಏಡಿಯ ಕೊಂಡಿಯ ಹಾಗೆ. ಕೈಯನ್ನು ಬಕೆಟ್ಟಿನೊಳಗೆ ಇಳಿಸಿ ಐದು ನಿಮಿಷ ಅಲುಗಾಡಬಾರದು. ಮೂರನೆಯ ನಿಮಿಷಕ್ಕೆ ಕಣ್ಣರಳಿಸಿದ.

"ಕಾಕಾ, ನಡುಬೆರಳು ತಣ್ಣಗಾಗ್ಲತ್ತದ."

"ಇಲ್ಲದ ಬೆರಳು ಹ್ಯಾಂಗ ತಣ್ಣಗಾಗ್ತದಲೇ?"

"ಅದನ್ನೇ ನಾನೂ ಕೇಳ್ಲತ್ತೀನಿ."

ಬಂದವರೆಲ್ಲ ಇದನ್ನೇ ಹೇಳುತ್ತಾರೆ. ರಾಜೇಶ್ವರಿ ನಗಲಿಲ್ಲ. ಬರೆದುಕೊಂಡಳು. ಯಾವ ವರ್ಷ, ಯಾವ ಮಷಿನ್, ಎಷ್ಟು ಗಂಟೆಗೆ, ಬೆರಳು ಎಲ್ಲಿ ಹೋದವು... ತಿಪ್ಪಣ್ಣನವು ತಗಡಿನ ಜೊತೆಗೇ ಅಚ್ಚಾಗಿ ಸ್ಕ್ರ್ಯಾಪ್ ಡಬ್ಬಿಗೆ ಬಿದ್ದಿದ್ದವು. ಹುಡುಕಿ ತೆಗೆದವನು ನಾನು. ಒಂದು ಬೆರಳು ತಗಡಿಗೆ ಅಂಟಿಕೊಂಡು ಬಂದಿತ್ತು, ಬ್ರಾಕೆಟ್ಟಿನದೇ ಆಕಾರ, ನಡುವೆ ಎರಡು ತೂತು. ಅದನ್ನು ಹೇಳಿದೆ. ಅದನ್ನೂ ಬರೆದುಕೊಂಡಳು.

ಜನವರಿ ೧೪, ಭಾನುವಾರ

ಅಸ್ಗರ್ ಟೆಂಪೊ ತಂದ. ಅಚ್ಚಿಗೆ ಪ್ಲಾಸ್ಟರ್ ಹೊಯ್ದು ಒಣಗಿಸಿದ ಕೈಗಳನ್ನು ಹಳೆ ಸೀರೆಗಳಲ್ಲಿ ಸುತ್ತಿ ಹಲಸೂರಿಗೆ ಸಾಗಿಸಿದೆವು. ಕೆರೆಯ ಹಿಂದೆ ಹಳೆಯ ಬಂಗಲೆ. ವಿಭಾ ಮೇಡಂ ಎಂಬವರು ಅದನ್ನು ಗ್ಯಾಲರಿ ಮಾಡಿದ್ದಾರೆ.

ಅಸ್ಗರ್ ಶಿವಾಜಿನಗರದವನು. ರಾಜೇಶ್ವರಿಯ ಮೊದಲ ಕೆಲಸದಿಂದಲೂ ಅವನದೇ ಟೆಂಪೊ. ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತಾಗ ಅದೇ ಮಾತು.

"ಆ ದಿಮ್ಮಿ ಗ್ಯಾಪಕ ಐತಾ ಭಾಯ್? ಒಂದೊಂದು ಎಂಟ್ ಜನ ಎತ್ತಿದ್ವಿ."

"ಎಂಟು ಜನ ನೀವು. ಒಂಬತ್ತನೆಯವ ನಾ ಒಬ್ನೇ ಎಂಟು ಜನರಷ್ಟು."

"ಹೌದೌದು. ಸುಸ್ತಾಗಿ ಕುಂತಿದ್ದೂ ನೀನೇ."

೨೦೧೮ ಅದು. ಮಾಂಸದಂಗಡಿಯ ಹುಣಸೆ ಮರದ ದಿಮ್ಮಿಗಳು. ಮೂವತ್ತು ನಲವತ್ತು ವರ್ಷ ಕತ್ತಿ ಬಿದ್ದು ಬಿದ್ದು ನಡುವೆ ಬಟ್ಟಲಿನಂತೆ ಗುಂಡಿ. ಅಂಥವು ಹನ್ನೊಂದು. ತೊಳೆಯಬೇಡ ಅಂದಳು ರಾಜೇಶ್ವರಿ. ಇಂದಿರಾನಗರದ ಗ್ಯಾಲರಿಯೊಂದರ ಬಿಳಿ ಗೋಡೆಗೆ ನಿಲ್ಲಿಸಿದೆವು. ಮೂರನೆಯ ದಿನ ವಾಸನೆ, ಐದನೆಯ ದಿನ ಪೊಲೀಸರು. "ಯಾರು ಮಾಡಿದ್ದು ಇದನ್ನ?" ಎಂದು ಕೇಳಿದಾಗ ನಾನೇ ಎದೆಯುಬ್ಬಿಸಿ ಮುಂದೆ ಬಂದೆ. ಕಪಾಳಕ್ಕೆ ಒಂದು ಬಿತ್ತು. ಮರುದಿನ ಪೇಪರಿನಲ್ಲಿ ಅವಳ ಫೋಟೊ. ನನ್ನ ಕಪಾಳದ ಸುದ್ದಿ ಇಲ್ಲ.

ಎರಡನೆಯದು ೨೦೨೧ರ ತಗಡಿನ ಮನೆ. ಪ್ರೆಸ್ಸಿನಲ್ಲಿ ಬಿಲ್ಲೆ ಕತ್ತರಿಸಿದ ಮೇಲೆ ಉಳಿಯುವ ತೂತು ತಗಡು. ಅಂಚೆಲ್ಲ ಬ್ಲೇಡು. ಅದರಿಂದ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆ, ನಮ್ಮ ಬಾಡಿಗೆ ರೂಮಿನ ಅಳತೆಯೇ. ಒಳಗೆ ಹೋದವರು ಮೈ ಮುದುಡಿಕೊಂಡು ನಡೆಯಬೇಕು. ಒಬ್ಬ ಹೆಂಗಸು ಸೆಲ್ಫಿಗೆಂದು ಹಿಂದೆ ಸರಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸೀಳಿತು. ಹದಿನೇಳು ಹೊಲಿಗೆ. ನೆಲದ ಮೇಲಿನ ರಕ್ತ ಒರೆಸಲು ಹೋದೆ, ರಾಜೇಶ್ವರಿ ನನ್ನ ಕೈ ಹಿಡಿದು ನಿಲ್ಲಿಸಿದಳು. ಅಲ್ಲಿಂದ ಟಿವಿಯವರು ಅವಳಿಗೆ 'ರಕ್ತದ ಕಲಾವಿದೆ' ಎಂದು ಹೆಸರಿಟ್ಟರು. ಅವಳು ಮೈಕಿನಲ್ಲಿ ಕೇಳಿದ್ದು ಒಂದೇ: "ಇದೇ ತಗಡು ಗರುಡಾಚಾರ್‌ಪಾಳ್ಯದಲ್ಲಿ ದಿನಾ ಕೊಯ್ಯುತ್ತೆ. ಅಲ್ಲಿಗೆ ನಿಮ್ಮ ಕ್ಯಾಮೆರಾ ಯಾಕೆ ಬರಲ್ಲ?"

ಆ ತಗಡು ಮಡಚಿದವನೂ ನಾನೇ. ಎಂಟು ಬೆರಳಿನಲ್ಲಿ.

ಜನವರಿ ೧೯, ಶುಕ್ರವಾರ

ಗೋಡೆಯ ಮೇಲೆ ಮೂವತ್ತು ಕೈ ಕೂರಿಸಿದೆವು. ಮೂವತ್ತೊಂದನೆಯದು ನನ್ನದು, ಇನ್ನೂ ಒದ್ದೆ. ತೋರುಬೆರಳು, ನಡುಬೆರಳು ಇಲ್ಲದ ನನ್ನ ಕೈ ಪ್ಲಾಸ್ಟರಿನಲ್ಲಿ ನನಗಿಂತ ಗಂಭೀರವಾಗಿ ಕಾಣುತ್ತದೆ.

ರಾಜೇಶ್ವರಿ ಸಾಲಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ನೋಡುತ್ತ ಹೋದಳು.

"ಮಾಮಾ, ಎಲ್ಲವೂ ಬಲಗೈ."

"ಕೆಲಸ ಮಾಡೋದು ಬಲಗೈಯಾಗ ಅಲ್ಲೇನು?"

"ಮಷಿನ್ ಕೆಟ್ಟು ತಾನಾಗೇ ಬಿತ್ತು ಅಂತ ಎಲ್ರೂ ಹೇಳ್ತೀರ. ತಾನಾಗೇ ಬೀಳೋ ಮಷಿನ್‌ಗೆ ಎಡ ಯಾವುದು ಬಲ ಯಾವುದು ಅಂತ ಗೊತ್ತಾಗುತ್ತಾ? ಮೂವತ್ತೊಂದರಲ್ಲಿ ಒಂದಾದ್ರೂ ಎಡಗೈ ಇರಬೇಕಿತ್ತು."

ನನ್ನ ಬೆರಳು ತಿಂದ ಚಿರತೆಯ ಕಥೆ ತೆಗೆದೆ. ಕಾಲೇಜಿನಲ್ಲಿದ್ದಾಗ ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಅರ್ಧಕ್ಕೇ ತಡೆದಳು.

"ಅಪ್ಪನದೂ ಬಲಗೈಯೇ ಅಲ್ವಾ?"

ಪ್ಲಾಸ್ಟರ್ ಗಟ್ಟಿಯಾಗುತ್ತದೆ ಎಂದು ಹೇಳಿ ಎದ್ದು ಬಂದೆ. ಕಲಸಿದ ಪ್ಲಾಸ್ಟರೇ ಇರಲಿಲ್ಲ.

ಜನವರಿ ೨೦, ಶನಿವಾರ. ಬೆಳಿಗ್ಗೆ ೫

ಇದನ್ನು ಓದುವವರು ಯಾರೂ ಇಲ್ಲ. ಬರೆದುಬಿಡುತ್ತೇನೆ.

ಪವರ್ ಪ್ರೆಸ್ಸಿಗೆ ಎರಡು ಬಟನ್, ಭುಜದಗಲ ದೂರದಲ್ಲಿ. ಎರಡೂ ಅಂಗೈ ಏಕಕಾಲಕ್ಕೆ ಒತ್ತಿದರೆ ಮಾತ್ರ ಮೇಲಿನ ಡೈ, ತಗಡು ಕತ್ತರಿಸುವ ಉಕ್ಕಿನ ಅಚ್ಚು, ಬೀಳುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಡೈ ಕೆಳಗೆ ಕೈ ಇರಲು ಸಾಧ್ಯವಿಲ್ಲ. ಮಷಿನ್ ಮಾಡಿದವನು ಬುದ್ಧಿವಂತ. ಅವನಿಗಿಂತ ಬುದ್ಧಿವಂತ ನಾನು. ೨೦೦೧ರಲ್ಲಿ, ಮಷಿನ್ನಿಗೆ ಡೈ ಕೂರಿಸಿಕೊಡುವ ಸೆಟ್ಟರ್ ಆದ ಹೊಸದರಲ್ಲಿ, ಸೈಕಲ್ ಟ್ಯೂಬು ಕೊಯ್ದು ಒಂದು ಪಟ್ಟಿ ಮಾಡಿದೆ. ಬಲಬಟನ್ನನ್ನು ಒತ್ತಿ ಹಿಡಿದು ಪಟ್ಟಿಯಿಂದ ಬಿಗಿದುಬಿಟ್ಟೆ. ಇನ್ನು ಎಡಗೈ ಒಂದೇ ಸಾಕು. ಬಲಗೈ ಬಿಡುವಾಯಿತು, ತಗಡು ಒಳಗಿಡು, ಬ್ರಾಕೆಟ್ ಹೊರಗೆ ತೆಗೆ, ಇಡು, ತೆಗೆ. ಒಂಬೈನೂರು ಪೀಸು ಮಾಡುತ್ತಿದ್ದ ಮಷಿನ್ ಸಂಜೆಗೆ ಒಂದೂವರೆ ಸಾವಿರ ಮಾಡಿತು. ಆಗಿನ ಮಾಲೀಕರು, ಈಗಿನ ಜಯಂತ್ ಸಾರ್ ಅವರ ತಂದೆ, ಬಂದು ನೋಡಿದರು. ಪಟ್ಟಿ ನೋಡಿದರು. ನನ್ನ ಬೆನ್ನು ತಟ್ಟಿ ಹೋದರು. ಮುಂದಿನ ವಾರ ಎಲ್ಲ ಮಷಿನ್ನಿಗೂ ಪಟ್ಟಿ ಸಿಕ್ಕಿಸಲು ಕೊಕ್ಕೆ ಬೆಸುಗೆ ಹಾಕಿಸಿದರು. ಶಾಪಿನಲ್ಲಿ ಅದಕ್ಕೆ 'ಪೀರಪ್ಪನ ಪಟ್ಟಿ' ಎಂದೇ ಹೆಸರು. ಹೊಸಬರಿಗೆಲ್ಲ ನಾನೇ ಕಟ್ಟಿಕೊಟ್ಟು ಕಲಿಸಿದೆ. ಎಷ್ಟು ಹೆಮ್ಮೆ ನನಗೆ.

ಮೊದಲು ಕಲಿಸಿದ್ದು ಭಾವನಿಗೆ. ಮಾಳಪ್ಪ. ಅಕ್ಕ ಹುಸೇನಮ್ಮನ ಗಂಡ, ರಾಜೇಶ್ವರಿಯ ಅಪ್ಪ. ನಾನೇ ಊರಿನಿಂದ ಕರೆತಂದು ಕೆಲಸಕ್ಕೆ ಸೇರಿಸಿದ್ದೆ. ಅವನಿಗೆ ಹೆದರಿಕೆ. "ಎರಡೂ ಕೈಲೆ ಒತ್ತತೀನಿ ಪೀರಪ್ಪ, ನಿಧಾನಾದ್ರೂ ಆಗ್ಲಿ" ಅಂದ. ಹೆಂಗಸರ ಹಾಗೆ ಅಂಜುತ್ತೀ ಎಂದು ಎಲ್ಲರ ಮುಂದೆ ನಗಾಡಿದೆ. ನಾನೇ ಪಟ್ಟಿ ಕಟ್ಟಿದೆ. ೨೦೦೨, ಶ್ರಾವಣದ ಎರಡನೆಯ ಸೋಮವಾರ, ಹನ್ನೊಂದು ಗಂಟೆ. ಅರವತ್ತು ಟನ್ನಿನ ಮಷಿನ್. ಅಂಗೈ ಪೂರ್ತಿ. ಡೈ ಮೇಲೆದ್ದಾಗ ಅವನು ಕೂಗಲಿಲ್ಲ, ಕೈ ಎಲ್ಲಿ ಅಂತ ಹುಡುಕುವವನ ಹಾಗೆ ಬಗ್ಗಿ ನೋಡಿದ. ಹತ್ತೊಂಬತ್ತು ದಿನ ಬದುಕಿದ್ದ. ಕೈ ಕೊಳೆತು ನಂಜು ಮೈಗೇರಿತು. ರಾಜೇಶ್ವರಿಗೆ ಆರು ವರ್ಷ.

ಮಷಿನ್ ಕೆಟ್ಟಿತ್ತು ಅಂತ ಅಕ್ಕನಿಗೆ ಹೇಳಿದೆ. ಓಡಿ ಹೋಗಿ ಪಟ್ಟಿ ಬಿಚ್ಚಿಟ್ಟಿದ್ದೂ ನಾನೇ. ಮಗುವಿಗೆ ಅಕ್ಕ ಅದನ್ನೇ ಹೇಳಿ ಬೆಳೆಸಿದಳು. ಮಗು ದೊಡ್ಡದಾಗಿ ದಿಮ್ಮಿ ನಿಲ್ಲಿಸಿತು, ತಗಡಿನ ಮನೆ ಕಟ್ಟಿತು, ಈಗ ಕೈ ನೇತುಹಾಕುತ್ತಿದೆ. ಎಲ್ಲ ಆ ಕೆಟ್ಟ ಮಷಿನ್ನಿನ ಮೇಲಿನ ಸಿಟ್ಟು.

ಈಗ ಎಡ ಬಲ ಕೇಳುತ್ತಿದ್ದಾಳೆ. ಗೊತ್ತಾದ ದಿನ ನಾನು ಅವಳಿಗೆ ಮಾಮಾ ಆಗಿ ಉಳಿಯುವುದಿಲ್ಲ.

ಫೆಬ್ರವರಿ ೪, ಭಾನುವಾರ

ನಿನ್ನೆ ಪ್ರದರ್ಶನ ಶುರುವಾಯಿತು. ಜನವೋ ಜನ. ಬಿಳಿ ಗೋಡೆ, ಮೂವತ್ತೊಂದು ಬಿಳಿ ಕೈ, ಎದೆಯೆತ್ತರಕ್ಕೆ, ಕೈಕುಲುಕಲು ಚಾಚಿದ ಹಾಗೆ. ಮುಟ್ಟಬಹುದು ಅಂತ ಬರೆದಿದೆ. ಕುಲುಕಲು ಹೋದವರಿಗೆ ಬೆರಳು ಸಿಗುವುದಿಲ್ಲ. ಒಬ್ಬ ಯುವಕ ಅಲ್ಲೇ ತಲೆ ಸುತ್ತಿ ಬಿದ್ದ. ಗಡ್ಡದವನೊಬ್ಬ, "ಬಡವರ ಗಾಯ ತೋರಿಸಿ ಹೆಸರು ಮಾಡ್ತಿದ್ದೀರ, ನಾಚಿಕೆ ಆಗಲ್ವಾ?" ಎಂದು ರಾಜೇಶ್ವರಿಯ ಮುಖಕ್ಕೇ ಕೂಗಿದ.

"ಆಗುತ್ತೆ," ಎಂದಳು. "ನಿಮಗೆ?"

ಪ್ರತಿ ಕೈಯ ಕೆಳಗೆ ಚೀಟಿ. ನನ್ನದು: ಪೀರಪ್ಪ, ಸೆಟ್ಟರ್, ೨೦೧೫, ಮಷಿನ್ ದೋಷ. ಓದಿ ಕಣ್ಣೊರೆಸಿಕೊಂಡ ಅಜ್ಜಿಯೊಬ್ಬರಿಗೆ ಅದು ನಾನೇ ಅಂತ ಹೇಳಿ, ಆ ದಿನ ಬೆರಳು ಬಿದ್ದ ಮೇಲೂ ಶಿಫ್ಟ್ ಮುಗಿಸಿಯೇ ಮನೆಗೆ ಹೋದೆ ಎಂದೆ. ಜ್ಯೂಸ್ ತಂದುಕೊಟ್ಟರು.

ನಿಜ ಏನೆಂದರೆ, ಭೀಮಾಶಂಕರ ಆಗ ಹೊಸಬ. ನಮ್ಮೂರಿನವನೇ. ಪಟ್ಟಿ ಕಟ್ಟಿಕೊಂಡು, ಮಷಿನ್ ಕಡೆ ನೋಡದೆ, ಅವನ ಮುಖ ನೋಡಿ ಮಾತಾಡುತ್ತ ನೂರು ಪೀಸು ಹೊಡೆಯುತ್ತೇನೆ ಅಂತ ಪಂದ್ಯ ಕಟ್ಟಿದೆ. ಅರವತ್ತೊಂದಕ್ಕೆ ಮುಗಿಯಿತು. ಅವನೇ ತನ್ನ ಅಂಗಿ ಹರಿದು ಸುತ್ತಿದ. ಮರುವರ್ಷ ಅವನ ನಾಲ್ಕು ಬೆರಳು ಹೋದವು. ಅವನ ಬಾಯಿ ಮಾತ್ರ ಇವತ್ತಿನವರೆಗೆ ಭದ್ರ.

ಫೆಬ್ರವರಿ ೧೨, ಸೋಮವಾರ

ಪ್ರದರ್ಶನದ ವಿಡಿಯೊ ಲಕ್ಷಗಟ್ಟಲೆ ಜನ ನೋಡಿದ್ದಾರಂತೆ. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಶಾಪಿಗೆ ಹೋಗಿ ಮಷಿನ್ ನೋಡಿ ಬಂದರು. ಮಷಿನ್ನಿನಲ್ಲಿ ದೋಷ ಸಿಗಲಿಲ್ಲ. ಎರಡು ಬಟನ್ನೂ ಸರಿಯಾಗಿವೆ. ಪಟ್ಟಿಗಳನ್ನು ಮೊದಲೇ ಎತ್ತಿಟ್ಟಿದ್ದರು. ಗೋಡೆಯ ಮೇಲಿನ ಕೈಗಳೆಲ್ಲ ಸುಳ್ಳು ಎಂದು ಜಯಂತ್ ಸಾರ್ ಟಿವಿಯಲ್ಲಿ ಹೇಳಿದರು. ಶಟರ್ ಎಳೆದರು. ಆ ಗೋಡೆ ಖಾಲಿಯಾಗುವವರೆಗೆ ಶಾಪು ತೆರೆಯುವುದಿಲ್ಲವಂತೆ. ಅರವತ್ತು ಮನೆ ಕೆಲಸವಿಲ್ಲದೆ ಕೂತಿವೆ.

ಫೆಬ್ರವರಿ ೧೫, ಗುರುವಾರ

ಭೀಮಾಶಂಕರ ರೂಮಿಗೆ ಬಂದಿದ್ದ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಒಳಗೆ ಬಾ ಅಂದರೂ ಹೊಸ್ತಿಲಲ್ಲೇ ನಿಂತ.

"ಕಾಕಾ, ಆ ಕೈ ಇಳಸ್ಲಿಕ್ಕೆ ಹೇಳು ರಾಜೇಶ್ವರಿಗಿ."

"ಇಳಸ್ತೀನಿ. ನನ್ನ ಮಾತು ಮೀರ್ತಾಳೇನು ಆಕಿ? ಎರಡು ದಿನ ಬಿಡು."

"ಎರಡು ದಿನ ಅಂತ ಸೋಮವಾರನೂ ಹೇಳಿದಿ."

ಅಕ್ಕ ಒಲೆಯ ಮುಂದಿನಿಂದಲೇ ಕೂಗಿದಳು: "ಅವನ ಮಾತು ಕೇಳಬ್ಯಾಡೋ ಭೀಮಾ. ನೀರಿನ ಟ್ಯಾಂಕರ್ ತರ್ತೀನಂತ ಮುಂಜಾನಿ ಹೋದಾಂವ ಸಂಜಿಗಿ ಬಜ್ಜಿ ತಿಂದು ಬಂದಾನ."

ಭೀಮಾಶಂಕರ ನಗಲಿಲ್ಲ. ಗಲ್ಲಿಗೆ ಕರೆದುಕೊಂಡು ಹೋದ. ಬೆರಳಿಲ್ಲದ ಕೈಯಿಂದ ನನ್ನ ಎದೆಗೆ ಒತ್ತಿದ. ಆ ಕೈ ಬಹಳ ಗಟ್ಟಿ, ಒನಕೆಯ ತುದಿಯ ಹಾಗೆ.

"ಮಷಿನ್ ದೋಷ ಅಂತ ಬರ್ಸಿದಿ. ಪಟ್ಟಿ ಯಾರ್ದು ಅಂತ ಆಕಿಗಿ ನಾ ಹೇಳ್ಲೇನು? ಹೇಳಂಗಿಲ್ಲ. ನೀನೇ ಹೇಳಬೇಕು. ಇಲ್ಲಂದ್ರ ಭಾನುವಾರ ನಮ್ಮ ಕೈ ನಾವೇ ತಗೊಂಡು ಹೋಗ್ತೀವಿ."

ಹೇಳಿಬಿಡಬೇಕು. ನಾಳೆ.

ಫೆಬ್ರವರಿ ೧೬

ಹೇಳಲಿಲ್ಲ.

ಫೆಬ್ರವರಿ ೧೭

ಅವಳಿಗೆ ಜ್ವರ. ಜ್ವರದಲ್ಲಿ ಹೇಳುವುದು ಸರಿಯಲ್ಲ.

ಫೆಬ್ರವರಿ ೨೦, ಮಂಗಳವಾರ. ಆಸ್ಪತ್ರೆ ಕಾರಿಡಾರ್

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೂ.

ಭಾನುವಾರ ಮಧ್ಯಾಹ್ನ ಎರಡೂವರೆ. ಗ್ಯಾಲರಿ ತುಂಬ ಜನ. ಬಾಗಿಲಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಒಟ್ಟಿಗೆ. ಎಲ್ಲ ನಮ್ಮವರೇ. ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು, ಹೆಣ್ಣು ನೋಡಲು ಬಂದವರ ಹಾಗೆ. ಎಡಗೈಯಲ್ಲಿ ಸುತ್ತಿಗೆ, ಸ್ಪ್ಯಾನರ್, ಕಬ್ಬಿಣದ ಸರಳು. ವಿಭಾ ಮೇಡಂ, "ಪ್ಲೀಸ್, ಟಿಕೆಟ್ ಇಲ್ಲ, ಎಲ್ರೂ ಬರಬಹುದು, ಆದ್ರೆ ಅದೆಲ್ಲ ಹೊರಗಿಡಿ" ಅಂದರು. ಪಾಪ, ಕೆಲಸದಿಂದ ನೇರ ಬಂದಿದ್ದಾರೆ ಅಂದುಕೊಂಡಿದ್ದರು.

ತಿಪ್ಪಣ್ಣ ಮೊದಲು. ಚೀಟಿ ಓದುತ್ತ ಓದುತ್ತ ಹೋಗಿ ತನ್ನ ಕೈ ಹುಡುಕಿದ. ಅದರ ಎರಡು ಬೆರಳನ್ನು ಒಮ್ಮೆ ಮುಟ್ಟಿ ನೋಡಿದ. ಆಮೇಲೆ ಹೊಡೆದ. ಯಾರೂ ಇನ್ನೊಬ್ಬರ ಕೈ ಮುಟ್ಟಲಿಲ್ಲ. ಒಬ್ಬೊಬ್ಬನೂ ತನ್ನದನ್ನು ಮಾತ್ರ. ಸಾಲಿನಲ್ಲಿ ನಿಂತು, ಒಬ್ಬನದಾದ ಮೇಲೆ ಒಬ್ಬ. ಹೊಡೆಯುವಾಗ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು. ಇಬ್ಬರು ಅಳುತ್ತಿದ್ದರು. ಪ್ಲಾಸ್ಟರ್ ಸಿಡಿದು ಜನರ ಮುಖಕ್ಕೆ ಹಾರುತ್ತಿತ್ತು. ಹೆಂಗಸರ ಕಿರುಚಾಟ, ಬಾಗಿಲಲ್ಲಿ ನೂಕುನುಗ್ಗಲು, ಯಾರದೋ ಹಣೆ ಒಡೆದು ರಕ್ತ. ಫೋನುಗಳು ಮೇಲೆದ್ದವು. ರಾಜೇಶ್ವರಿ ತಡೆಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಪ್ರತಿಯೊಬ್ಬನ ಹೆಸರು ಹೇಳಿದಳು, ಹಾಜರಿ ಕರೆಯುವವಳ ಹಾಗೆ. ಅವರು ತಲೆ ತಗ್ಗಿಸಿ ಹೊಡೆದರು.

ಭೀಮಾಶಂಕರ ತನ್ನದನ್ನು ಒಡೆದ. ಆಮೇಲೆ ನನ್ನ ಕಡೆ ನೋಡಿದ. ಮೂಲೆಯಲ್ಲಿ ನಿಂತಿದ್ದೆ, ಕುರ್ಚಿಯ ಹಿಂದೆ.

"ಕಾಕಾ, ಬಾ. ನಿಂದು ನೀನೇ ಒಡಿ."

ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಬರಂಗಿಲ್ಲೇನು? ಹಂಗಾದ್ರ ನಾ ಒಡೀತೀನಿ."

ಸುತ್ತಿಗೆ ಎತ್ತಿದ. ಆಗ ಮಾತ್ರ ರಾಜೇಶ್ವರಿ ಅಲುಗಾಡಿದಳು. "ಇದು ನಮ್ಮ ಮಾಮಾಂದು. ಅವನು ಹೇಳದೆ ಮುಟ್ಟಬೇಡ" ಅಂದವಳೇ ನನ್ನ ಪ್ಲಾಸ್ಟರ್ ಕೈಯ ಮೇಲೆ ತನ್ನ ಬಲಗೈ ಇಟ್ಟಳು. ಎಡಗೈಯ ಏಟು. ಅವನ ಎಡಗೈಗೆ ಸುತ್ತಿಗೆ ರೂಢಿಯಿಲ್ಲ. ಬೀಳುವ ಸುತ್ತಿಗೆಯನ್ನು ಹಿಡಿದು ನಿಲ್ಲಿಸಲು ಆಗಲಿಲ್ಲ.

ಆ ಸದ್ದು ನನಗೆ ಗೊತ್ತು. ತಗಡಿನ ಸದ್ದಲ್ಲ, ಪ್ಲಾಸ್ಟರಿನದಲ್ಲ. ಭಾವನ ಕೈಯದೂ ಅದೇ ಸದ್ದು.

ಭೀಮಾಶಂಕರ ಸುತ್ತಿಗೆ ಬಿಸಾಡಿ ಅವಳ ಕೈ ಎತ್ತಿ ಹಿಡಿದುಕೊಂಡು, "ಯವ್ವಾ, ಯವ್ವಾ" ಎನ್ನುತ್ತ ಕುಸಿದ. ಅಂಗಿ ಹರಿದು ಸುತ್ತಿದ. ಸುತ್ತುವುದು ಅವನಿಗೆ ಚೆನ್ನಾಗಿ ಬರುತ್ತದೆ. ಜನ ಅವನ ಮೇಲೆ ಬಿದ್ದರು. ಪೊಲೀಸರು ಬರುವವರೆಗೆ ಕುರ್ಚಿಯಲ್ಲಿ, ಬೂಟಿನಲ್ಲಿ ಹೊಡೆದರು. ಕಲೆ ನೋಡಲು ಬಂದವರು. ಒಂದು ಹಲ್ಲು ನನ್ನ ಕಾಲ ಬಳಿ ಬಂದು ಬಿತ್ತು. ಕುರ್ಚಿಯ ಹಿಂದಿನಿಂದ ನಾನು ಕದಲಲಿಲ್ಲ.

ಫೆಬ್ರವರಿ ೨೮

ರಾಜೇಶ್ವರಿಗೆ ಎರಡು ಆಪರೇಷನ್ ಆಯಿತು. ಮುಂಗೈ ಎಲುಬು ಮೂರು ಕಡೆ, ತೋರುಬೆರಳಿನ ಗೆಣ್ಣು ಪುಡಿ. ಚಮಚ ಹಿಡಿಯಬಹುದು, ಉಳಿ ಹಿಡಿಯುವುದು ಕಷ್ಟ ಅಂದರು ಡಾಕ್ಟರು. ಭೀಮಾಶಂಕರ ಜೈಲಿನಲ್ಲಿ. ಕೊಲೆ ಯತ್ನದ ಕೇಸು.

ಒಡೆಯದೆ ಉಳಿದ ಕೈಗಳಲ್ಲಿ ನನ್ನದೂ ಒಂದು. ಅಸ್ಗರ್ ಅದನ್ನು ರೂಮಿಗೆ ತಂದಿಟ್ಟ. ಅದರ ಮೇಲೆ ಅವಳ ರಕ್ತ. ಅಕ್ಕ ತೊಳೆಯಲು ಹೋದಳು, ಹೋಗಲಿಲ್ಲ.

ಮಾರ್ಚ್ ೬, ಬುಧವಾರ

ಹೇಳಿದೆ.

ಪೂರ್ತಿ ಅಲ್ಲ. ಪಟ್ಟಿಯ ವಿಷಯ, ಭೀಮಾಶಂಕರನ ಮುಂದೆ ಕಟ್ಟಿದ ಪಂದ್ಯ, ಎಲ್ಲರಿಗೂ ಕಲಿಸಿದ್ದು. ಅವಳು ಹಾಸಿಗೆಯ ಮೇಲೆ ಕೂತು ಎಡಗೈಯಲ್ಲಿ ಇಡ್ಲಿ ತಿನ್ನುತ್ತಿದ್ದಳು. ತಟ್ಟೆ ಪಕ್ಕಕ್ಕಿಟ್ಟಳು.

"ಹತ್ರ ಬಾ."

ಹೋದೆ. ಪ್ಲಾಸ್ಟರ್ ಹಾಕಿದ ಬಲಗೈ ಎತ್ತಿ ನನ್ನ ಬಾಯಿಯ ಮೇಲೆ ಹೊಡೆದಳು. ತುಟಿ ಸೀಳಿತು. ನೋವಿಗೆ ನನಗಿಂತ ಮೊದಲು ಅವಳೇ ಕೂಗಿದಳು. ಮತ್ತೆ ಎತ್ತಿ ಮತ್ತೆ ಹೊಡೆದಳು. ನರ್ಸ್ ಬಂದು ಹಿಡಿದುಕೊಂಡರು.

"ಸುಳ್ಳಿನ ಮ್ಯಾಲೆ ಕೈ ಇಟ್ಟೆನಲ್ಲೋ ನಾ! ಆ ಮಂದಿ ತಮ್ಮ ಕೈ ತಾವೇ ಒಡ್ಕೊಂಡ್ರು, ನೀ ಕುರ್ಚಿ ಹಿಂದ ನಿಂತು ನೋಡಿದಿ!"

ಸಿಟ್ಟು ಬಂದರೆ ಬೆಂಗಳೂರು ಮರೆತು ಅವ್ವನ ಮಾತು ಬರುತ್ತದೆ ಅವಳಿಗೆ. ಬಾಯಲ್ಲಿ ರಕ್ತ ತುಂಬಿತ್ತು, ನುಂಗಿದೆ. ಆಗಲೇ ಭಾವನ ಮಾತೂ ಹೇಳಿಬಿಡಬೇಕಿತ್ತು. ಇನ್ನೊಂದು ಏಟು ಬಿದ್ದಿದ್ದರೆ ಹೇಳುತ್ತಿದ್ದೆನೇನೋ.

ಮಾರ್ಚ್ ೧೪, ಗುರುವಾರ

ಭೀಮಾಶಂಕರ ಜಾಮೀನಿನ ಮೇಲೆ ಹೊರಗೆ ಬಂದ. ಸುತ್ತಿಗೆ ಜಾರಿತು ಅಂತ ರಾಜೇಶ್ವರಿಯೇ ಹೇಳಿಕೆ ಕೊಟ್ಟಳು. ಮುಂದಿನ ಮೂರು ಹಲ್ಲು ಇಲ್ಲ, ಮಾತು ಊದಿದ ಹಾಗೆ. ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಬಹಳ ಹೊತ್ತು ಮಾತಾಡಿದರು. ನನ್ನನ್ನು ದೂರ ಕೂರಿಸಿದ್ದರು. ಕೊನೆಗೆ ಕರೆದಳು.

"ಇನ್ಸ್‌ಪೆಕ್ಟರ್‌ಗೆ ಪತ್ರ ಬರೆದಿದ್ದೀನಿ. ಒಂದು ಕೈಯಲ್ಲಿ ಈ ಮಷಿನ್ ಓಡೋದೇ ಇಲ್ಲ ಅಂತಾರೆ ಜಯಂತ್. ನೀನು ಶಾಪಿಗೆ ಬಂದು ಎಲ್ಲರ ಮುಂದೆ ಪಟ್ಟಿ ಕಟ್ಟಿ ಓಡಿಸಿ ತೋರಿಸ್ಬೇಕು. ಆಮೇಲೆ ಯಾರ್ಯಾರಿಗೆ ಕಲಿಸಿದೆ ಅಂತ ಹೆಸರು ಕೊಡ್ಬೇಕು. ಮೊದಲನೆಯವರಿಂದ ಕೊನೆಯವರ ತನಕ. ಒಂದೂ ಬಿಡದೆ."

"ಆಮ್ಯಾಲೆ ನನ್ನ ಒಳಗ ಹಾಕಿದ್ರ?"

"ಹಾಕ್ಲಿ. ಕೊಕ್ಕೆ ಬೆಸುಗೆ ಹಾಕ್ಸಿದವರ ಹೆಸರೂ ಅದೇ ಹಾಳೇಲಿ ಇರುತ್ತೆ."

"ಆಯ್ತು, ಓಡಸ್ತೀನಿ. ಇಡೀ ಇಂಡಿಯಾದಾಗ ಆ ಪಟ್ಟಿ ನನ್ನಷ್ಟು ಚಂದ—"

ಭೀಮಾಶಂಕರ ನೋಡಿದ. ಬಾಯಿ ಮುಚ್ಚಿದೆ.

ಮಾರ್ಚ್ ೨೨, ಶುಕ್ರವಾರ. ಶಾಪಿನ ಎದುರಿನ ಟೀ ಅಂಗಡಿ, ೧೨.೪೦

ಓಡಿಸಿದೆ.

ಅಧಿಕಾರಿಗಳು ಮೂವರು, ಜಯಂತ್ ಸಾರ್, ಅವರ ವಕೀಲ, ನಮ್ಮವರು ಇಪ್ಪತ್ತು ಮೂವತ್ತು ಜನ. ರಾಜೇಶ್ವರಿ ಎಡಗೈಯಲ್ಲಿ ಫೋನ್ ಹಿಡಿದು ಚಿತ್ರ ತೆಗೆಯುತ್ತಿದ್ದಳು. ಅಕ್ಕನೂ ಬಂದಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡು. ಶಾಪಿನೊಳಗೆ ಅವಳು ಕಾಲಿಟ್ಟದ್ದು ಇದೇ ಮೊದಲು. ಅರವತ್ತು ಟನ್ನಿನ ಮಷಿನ್ನನ್ನು ನೋಡಿ ಅದೇ ಏನು ಅಂತ ನನ್ನನ್ನು ಕೇಳಿದಳು. ಹೂಂ ಅಂದೆ.

ಟ್ಯೂಬಿನ ಪಟ್ಟಿ ಕಟ್ಟಲು ಹೋದರೆ ನನ್ನ ಬೆರಳು ಸಾಲಲಿಲ್ಲ. ಭೀಮಾಶಂಕರ ಬಂದು ತನ್ನ ಮೋಟುಗೈಯಿಂದ ಬಟನ್ ಒತ್ತಿ ಹಿಡಿದ. ನಾನು ಬಿಗಿದೆ. ಕೊಕ್ಕೆಗೆ ಸರಿಯಾಗಿ ಕೂತಿತು. ಕೊಕ್ಕೆ ಯಾಕಿದೆ ಎಂದು ಅಧಿಕಾರಿ ಕೇಳಿದರು. ಜಯಂತ್ ಸಾರ್ ವಕೀಲರ ಮುಖ ನೋಡಿದರು.

ಕೈ ಇಡುವ ಜಾಗದಲ್ಲಿ ಒಂದು ಮೂಲಂಗಿ ಇಟ್ಟೆವು, ಪಕ್ಕದ ಗಾಡಿಯಿಂದ ತಂದದ್ದು. ಎಡಗೈಯಿಂದ ಒಂದೇ ಬಟನ್ ಒತ್ತಿದೆ. ನೆಲ ಅದುರಿತು. ಮೂಲಂಗಿ ಇರಲಿಲ್ಲ. ಅಧಿಕಾರಿಯ ಅಂಗಿಯ ಮೇಲೆ ನೀರು ಚಿಮ್ಮಿತು. ಡೈ ಮೇಲೆದ್ದಾಗ ಬ್ರಾಕೆಟ್ ಆಕಾರದ ಬಿಳಿ ಸಿಪ್ಪೆ, ಎರಡು ತೂತು. ತಿಪ್ಪಣ್ಣ ಹೊರಗೆ ಓಡಿಹೋಗಿ ವಾಂತಿ ಮಾಡಿದ. ಅಕ್ಕ ಕಣ್ಣು ಮುಚ್ಚಲಿಲ್ಲ. ಡೈಯನ್ನೇ ನೋಡುತ್ತಿದ್ದಳು.

ಈಗ ಊಟದ ಬಿಡುವು. ಒಂದೂವರೆಗೆ ಹೆಸರುಗಳನ್ನು ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ನೆನಪಿದ್ದವರನ್ನೆಲ್ಲ ಪಟ್ಟಿ ಮಾಡು ಎಂದು ರಾಜೇಶ್ವರಿ ಹಾಳೆ ಕೊಟ್ಟು ಹೋಗಿದ್ದಾಳೆ. ಮಾಡಿದೆ. ಎರಡರಿಂದ ಶುರು ಮಾಡಿದೆ. ಮೂವತ್ತೆಂಟು ಹೆಸರು. ಗೋಡೆಯ ಮೇಲೆ ಬಾರದವರೂ ಇದ್ದಾರೆ, ಊರಿಗೆ ವಾಪಸ್ ಹೋದವರು, ಹೆಸರು ನನಗೇ ಮರೆತುಹೋದವರು. ಅವರಿಗೆ ಮುಖದ ಗುರುತು ಬರೆದೆ. ಮೇಲಿನ ಸಾಲು ಖಾಲಿ.

ಬೇರೆ ಯಾರದಾದರೂ ಹೆಸರು ಮೊದಲಿಗೆ ಹಾಕಿದರೆ ಕೇಳುವವರಿಲ್ಲ. ಗೊತ್ತಿದ್ದ ಮಾಲೀಕರು ಸತ್ತಿದ್ದಾರೆ, ಆಗ ಜೊತೆಗಿದ್ದವರು ಊರು ಸೇರಿದ್ದಾರೆ. ಗೊತ್ತಿದ್ದ ಭಾವ ಸತ್ತಿದ್ದಾನೆ. ಇಪ್ಪತ್ತೆರಡು ವರ್ಷ ನಡೆದದ್ದು ಇನ್ನೂ ನಡೆಯುತ್ತದೆ. ಅಕ್ಕ ರೊಟ್ಟಿ ಹಾಕುತ್ತಾಳೆ. ಈ ಹುಡುಗಿ ಬೈಯುತ್ತಲಾದರೂ ಮಾಮಾ ಅನ್ನುತ್ತಾಳೆ.

ಇಬ್ಬರೂ ರಸ್ತೆ ದಾಟುತ್ತಿದ್ದಾರೆ. ಅಕ್ಕ ಅವಳ ಪ್ಲಾಸ್ಟರ್ ಕೈಯನ್ನು ಲಾರಿಗಳಿಂದ ಕಾಯುತ್ತ ಆ ಕಡೆ ನಡೆಯುತ್ತಿದ್ದಾಳೆ. ರಾಜೇಶ್ವರಿ ದೂರದಿಂದಲೇ ಎಡಗೈ ಚಾಚಿದಳು. ಹಾಳೆ ಕೇಳುತ್ತಿದ್ದಾಳೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಕೈ ಒಪ್ಪಿದರೆ ಹಾಳೆಯಲ್ಲಿ.

೧. ಮಾಳಪ್ಪ. ೨೦೦೨. ಬಲಗೈ. ಅವನು ಬೇಡ ಅಂದಿದ್ದ. ಪಟ್ಟಿ ಕಟ್ಟಿದವನು ನಾನು. ರಾಜೇಶ್ವರಿಯ—